ಕೊಡಗಿನ ಕಡೇ ಅರಸನಾದ ಚಿಕ್ಕ ವೀರರಾಜನು

ಮಡಿಕೇರಿಯಿಂದ ಘಟ್ಟವಿಳಿದು ಬರುವ ಮಾರ್ಗದಲ್ಲಿ ಸಂಪಾಜೆ ಎಂಬ ಹೆಸರಿನ ಗ್ರಾಮಗಳು ಎರಡುಂಟು. ಒಂದು ಕೊಡಗಿಗೂ ಇನ್ನೊಂದು ದಕ್ಷಿಣ ಕನ್ನಡಕ್ಕೂ ಸೇರಿವೆ. ಸುಳ್ಯದ ಸೀಮೆಯೂ ಮಡಿಕೇರಿಯೂ ಮೊದಲು ಒಬ್ಬನೇ ದೊರೆಯ ಕೈಕೆಳಗೆ ಇದ್ದವೆಂಬದನ್ನು ವಾಚಕರಲ್ಲಿ ಕೆಲವರು ಹಿರಿಯರಿಂದ ಕೇಳಿರಬಹುದು. ಆ ದೊರೆತನದ ಕಡೆಯವನ ವೃತ್ತಾಂತವನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಚಿಕ್ಕ ವೀರರಾಜನು ಹಾಲೇರಿಯ ಲಿಂಗಾಯತ ವಂಶದವನು. ೧೮೨೦ರಲ್ಲಿ ತಂದೆಯಾದ ಲಿಂಗರಾಜನ ತರುವಾಯ ಪಟ್ಟಕ್ಕೆ ಬಂದನು. ಸ್ವಂತ ಬಂಧುಗಳನ್ನು ಕೊಲ್ಲಿಸಿದ ಅಪಕೀರ್ತಿ ಅವನ ಮೇಲುಂಟು. ಅದನ್ನು ಬರೆದಿಟ್ಟವರು ಹೆಚ್ಚಾಗಿ ಗೆದ್ದವರ ಪಕ್ಷದವರೆಂಬದನ್ನು ನಾವು ಮರೆಯಬಾರದು. ಆದರೂ ಅವನನ್ನು ನಿರಪರಾಧಿಯೆನ್ನಲು ನಮಗೆ ಮನಸ್ಸೊಪ್ಪದು. ಅವನ ತಂಗಿಯೂ ಆಕೆಯ ಗಂಡನೂ ಪ್ರಾಣಭಯದಿಂದ ಓಡಿ ಇಂಗ್ಲಿಷರನ್ನು ಮರೆಹೊಕ್ಕರು. ಅವರನ್ನು ಒಪ್ಪಿಸಬೇಕೆಂದು ಅರಸನು ಹಟಹಿಡಿಯಲಾಗಿ ಯುದ್ಧವುಂಟಾಯಿತು. ೧೮೩೪ನೇ ಏಪ್ರಿಲ್ ೧೦ರಂದು ಅವನು ಶರಣಾಗತನಾದನು. ಮೇ ೭ರಂದು, ಜನರೆಲ್ಲರ ಇಷ್ಟವೇ ಇದೆಂದು ಸಾರಿ, ಕುಂಪಣಿ ಸರಕಾರವು ದೇಶವನ್ನು ತನ್ನದಾಗಿ ಮಾಡಿಕೊಂಡಿತು. ಅರಸನನ್ನು ವೇಲೂರಿಗೂ ಅಲ್ಲಿಂದ ಕಾಶಿಗೂ ಕಳುಹಿಸಿದರು.

ಘಟ್ಟದ ಕೆಳಗಿನ ಅಮರ ಸುಳ್ಯವನ್ನೂ ಪುತ್ತೂರನ್ನೂ ಕೊಡಗಿನಿಂದ ತೆಗೆದು ಕನ್ನಡ ಜಿಲ್ಲೆಗೆ ಸೇರಿಸಿದರು. ಅರಸನ ಕಾಲದಲ್ಲಿ ಬೆಳೆದ ಧಾನ್ಯವನ್ನೇ ಅಳೆದು ಕಂದಾಯ ತೀರಿಸುತ್ತಿದ್ದ ರೈತರು ಈಗ ರೊಕ್ಕವನ್ನೇ ಕೊಡಬೇಕಾಯಿತು. ರೊಕ್ಕವಾದರೋ ಸಾಹುಕಾರನ ಪೆಟ್ಟಿಗೆಯಲ್ಲಿತ್ತು. ಸಾಲವೆಂದರೇನೆಂದು ಬಲ್ಲ ನಮ್ಮ ಊರುಗಳವರಿಗೆ ಇದನ್ನು ವಿವರಿಸಬೇಕಾಗಿಲ್ಲ. ೧೮೩೭ರಲ್ಲಿ ಗೌಡರು ಮೊದಲಾದ ರೈತರು ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದು ಮಂಗಳೂರನ್ನು ಕೆಲವು ದಿವಸ ಹಿಡಿದಿದ್ದರು. ಘಟ್ಟದ ಮೇಲಿನ ದಿವಾನರೂ ಬಹುಮಂದಿ ಕೊಡವರೂ ಕುಂಪಣಿಯ ಪಕ್ಷದಲ್ಲಿ ನಿಂತರು. ಕೆಳಗಿನವರ ಮುಖಂಡರಿಗೆ ಗಲ್ಲು, ಮೇಲಿನವರಿಗೆ ಪದಕ. ಮೂರು ವರುಷಗಳ ಹಿಂದೆ ಒಂದೇ ಅರಸನ ಒಕ್ಕಲಾಗಿದ್ದವರಲ್ಲಿ ಒಂದು ಪಾಲು ದಂಗೆಕೋರರೆಂದೂ ಇನ್ನೊಂದು ಪಾಲು ನಂಬಿಗಸ್ತರೆಂದೂ ಎಣಿಸಲ್ಪಟ್ಟರು. ಮುಂದೆ ಕೊಡವರಿಗೆ ಕೋವಿಯ ಕಾನೂನಿನಿಂದ ವಿನಾಯಿತಿ ದೊರೆಯಿತು. ಅದೇ ಅವರ ಗುರುತಾಗಿ ಉಳಿಯಿತು.

ಅರಸನು ೧೮೫೨ರಲ್ಲಿ ಮಗಳಾದ ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದನು. ಆಕೆಯು ಅದೇ ವರುಷ ದೀಕ್ಷಾಸ್ನಾನ ಹೊಂದಿದಳು; ವಿಕ್ಟೋರಿಯಾ ರಾಣಿಯೇ ಜ್ಞಾನತಾಯಿಯಾದಳು. ಅರಸನು ತನಗೆ ಬರಬೇಕಾದ ಹಣಕ್ಕಾಗಿ ಕುಂಪಣಿಯ ಮೇಲೆ ಲಂಡನಿನಲ್ಲಿ ವ್ಯಾಜ್ಯ ಹೂಡಿ, ಅದು ತೀರುವ ಮೊದಲೇ ೧೮೫೯ರಲ್ಲಿ ಸತ್ತನು. ಗೌರಮ್ಮನು ೧೮೬೪ರಲ್ಲಿ, ಇಪ್ಪತ್ತೆರಡು ವರುಷದವಳಾಗಿ, ಕೊಡಗನ್ನು ಒಮ್ಮೆಯೂ ಕಾಣದೆ ತೀರಿಕೊಂಡಳು.

ಕೊಡಗು ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು, ದಕ್ಷಿಣ ಕನ್ನಡವೂ ಹಾಗೆಯೇ. ಸುಳ್ಯವು ಮಾತ್ರ ಮಡಿಕೇರಿಗೆ ತಿರಿಗಿ ಕೂಡಲಿಲ್ಲ. ಅಲ್ಲಿಯವರು ದಂಗೆಯೆಂಬ ಹೆಸರನ್ನು ಬಿಟ್ಟು ಸ್ವಾತಂತ್ರ್ಯಸಮರವೆನ್ನುತ್ತಾರೆ. ೨೦೨೨ರಲ್ಲಿ ಅದರ ಮುಖಂಡನಾದ ಕೆದಂಬಾಡಿ ರಾಮಯ್ಯ ಗೌಡನ ಪ್ರತಿಮೆಯನ್ನು ಮಂಗಳೂರಿನ ಬಾವುಟಗುಡ್ಡೆಯಲ್ಲಿ ನಿಲ್ಲಿಸಿದರು.