ಶನಿವಾರ ಹುಟ್ಟಿದ ಮೇಷ್ಟ್ರು: ಕ್ವಾಮೆ ಎನ್‌ಕ್ರುಮಾ

ಕಳೆದ ಸಾಲಿನ ಬೋಧನಾಭ್ಯಾಸದ ವೇಳೆ ಗೋಣಿಬೀಡಿನ ಒಂದು ಶಾಲೆಯಲ್ಲಿ ಪಾಠವೀಕ್ಷಣೆಗೆ ಕೂತಿದ್ದೆ. ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಆಫ್ರಿಕ ಖಂಡದ ಪಾಠಕ್ಕೆ ಘಾನಾ ದೇಶವನ್ನು ಮಾದರಿಯಾಗಿ ಆರಿಸಿಕೊಂಡಿದ್ದರು. ಭೂಪಟ ಅಚ್ಚುಕಟ್ಟಾಗಿತ್ತು. ಪುತ್ತೂರಿನ ಕಡೆಯ ನೆಂಟರಿಂದ ಒಂದು ಕೋಕೋ ಕಾಯಿಯನ್ನೂ ತರಿಸಿದ್ದರು. ದೇಶದ ಮೊದಲ ಪ್ರಧಾನಿ ಕ್ವಾಮೆ ಎನ್‌ಕ್ರುಮಾ ಎಂದು ಕಪ್ಪುಹಲಗೆಯ ಮೇಲೆ ಬರೆದು, ಅಲ್ಲಿನ ಅಕಾನ್ ಜನರಲ್ಲಿ ಶನಿವಾರ ಹುಟ್ಟಿದ ಗಂಡುಮಗುವಿಗೆ ಕ್ವಾಮೆ ಎಂದು ಹೆಸರಿಡುತ್ತಾರೆ ಎಂದು ವಿವರಿಸಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ತನ್ನ ಮುತ್ತಜ್ಜನ ಹೆಸರು ಚನಿಯ, ಅವರೂ ಶನಿವಾರವೇ ಹುಟ್ಟಿದ್ದಂತೆ ಎಂದಳು. ತರಗತಿ ನಕ್ಕಿತು. ನಗುವ ಮಾತೇನೂ ಆಗಿರಲಿಲ್ಲ. ಘಟ್ಟದ ಕೆಳಗಿನಿಂದ ಕಾಫಿ ತೋಟಗಳಿಗೆ ದುಡಿಯಲು ಬಂದ ತುಳು ಮನೆಗಳ ಹಳೆಯ ತಲೆಮಾರಿನಲ್ಲಿ ಐತ, ಸೋಮ, ಅಂಗಾರ, ಬೂದ, ಗುರುವ, ತುಕ್ರ, ಚನಿಯ ಎಂದು ವಾರದ ಏಳೂ ದಿನಗಳು ಮನುಷ್ಯರ ಹೆಸರಾಗಿದ್ದವು. ಪಾಠಯೋಜನೆಯಲ್ಲಿ ಇಲ್ಲದ ಪೀಠಿಕೆಯೊಂದು ತಾನಾಗಿಯೇ ಸಿಕ್ಕಿತ್ತು.

ಪಾಠ 1957ರ ಸ್ವಾತಂತ್ರ್ಯಕ್ಕೆ ಬಂದು ನಿಂತಿತು. ಅದೇ ಹುಡುಗಿ ಮತ್ತೆ ಎದ್ದು, ಆಮೇಲೆ ಅವರಿಗೆ ಏನಾಯಿತು ಎಂದು ಕೇಳಿದಳು. ಪ್ರಶಿಕ್ಷಣಾರ್ಥಿ ನನ್ನ ಕಡೆ ನೋಡಿದರು, ಗಂಟೆ ಹೊಡೆಯಿತು. ಅವಧಿ ಸಾಲುವುದಿಲ್ಲ, ಸ್ವಾತಂತ್ರ್ಯಕ್ಕೆ ನಿಲ್ಲಿಸಿ ಎಂದು ಯೋಜನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದವನು ನಾನೇ. ಆ ತಪ್ಪನ್ನು ಸರಿಪಡಿಸಲು ಈ ಬರಹ. ತರಗತಿಗೆ ಬೇಕಾದಷ್ಟನ್ನು ಪ್ರಶಿಕ್ಷಣಾರ್ಥಿಗಳು ಇದರಿಂದ ಎತ್ತಿಕೊಳ್ಳಬಹುದು.

ಎನ್‌ಕ್ರುಮಾ ಹುಟ್ಟಿದ್ದು ಗೋಲ್ಡ್ ಕೋಸ್ಟ್ ಎಂಬ ಬ್ರಿಟಿಷ್ ವಸಾಹತಿನ ನೈಋತ್ಯ ಮೂಲೆಯಲ್ಲಿ, ಎನ್‌ಕ್ರೊಫುಲ್ ಎಂಬ ಹಳ್ಳಿಯಲ್ಲಿ. ದೀಕ್ಷಾಸ್ನಾನ ಮಾಡಿಸಿದ ಪಾದ್ರಿ ಬರೆದಿಟ್ಟ ತಾರೀಖು 1909ರ ಸೆಪ್ಟೆಂಬರ್ 21. ಆ ದಿನ ಮಂಗಳವಾರ. ಹೆಸರು ಶನಿವಾರವನ್ನು ಹೇಳುತ್ತದೆ, ದಾಖಲೆ ಮಂಗಳವಾರವನ್ನು. ದೊಡ್ಡವರಾದ ಮೇಲೆ ಎನ್‌ಕ್ರುಮಾ ಲೆಕ್ಕ ಹಾಕಿ, ತಾವು ಹುಟ್ಟಿದ್ದು ಅದಕ್ಕೂ ಮುಂಚಿನ ಶನಿವಾರ, 18ರಂದು ಇರಬೇಕೆಂದು ತೀರ್ಮಾನಿಸಿದರು. ಲಿಖಿತ ಆಧಾರ ಮತ್ತು ಮೌಖಿಕ ಆಧಾರ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ನಮ್ಮ ಶಾಲೆಗಳ ಹಳೆಯ ದಾಖಲಾತಿ ಪುಸ್ತಕಗಳಲ್ಲೂ ಅರ್ಧ ಊರು ಜೂನ್ ತಿಂಗಳಲ್ಲೇ ಹುಟ್ಟಿದಂತೆ ಕಾಣುತ್ತದೆ.

ತಂದೆ ಅಕ್ಕಸಾಲಿ, ಹಾಫ್ ಅಸಿನಿ ಎಂಬ ಕಡಲೂರಿನಲ್ಲಿ ಕೆಲಸ ಮಾಡುತ್ತಿದ್ದರು. ತಾಯಿ ನ್ಯಾನಿಬಾ ಮೂರು ವರ್ಷದ ಮಗುವನ್ನು ಅಲ್ಲಿಗೆ ಕರೆತಂದರು. ಇಲ್ಲಿ ಭೂಪಟದ ಕೆಲಸ ಇದೆ. ಕರಾವಳಿ ಎಂದರೆ ಜಡಿಮಳೆ ಎಂದು ನಮ್ಮ ಮಕ್ಕಳು ನಂಬಿರುತ್ತಾರೆ, ಮಂಗಳೂರನ್ನು ನೋಡಿದವರು ತಾನೆ! ಆದರೆ ಘಾನಾದ ಕರಾವಳಿಯಲ್ಲಿ ನೈಋತ್ಯದ ಆಕ್ಸಿಮ್ ಊರಿಗೆ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೆ, ಅದೇ ಕರಾವಳಿಯಲ್ಲಿರುವ ರಾಜಧಾನಿ ಅಕ್ರಾಕ್ಕೆ 800ರ ಆಸುಪಾಸು. ಎನ್‌ಕ್ರುಮಾ ಬೆಳೆದದ್ದು ಮಳೆಯ ಕಡೆಯ ಕಾಡಿನಲ್ಲಿ. ಆ ಕಾಡಿನ ಪಟ್ಟಿ ದಾಟಿ ಉತ್ತರಕ್ಕೆ ಹೋದರೆ ಹುಲ್ಲುಗಾವಲು. ಡಿಸೆಂಬರಿನ ಹೊತ್ತಿಗೆ ಸಹಾರಾದಿಂದ ಹರ್ಮಟಾನ್ ಎಂಬ ಒಣಗಾಳಿ ದೂಳು ಹೊತ್ತು ಬೀಸುತ್ತದೆ. ಇಡೀ ದೇಶದ ವಿಸ್ತೀರ್ಣ ಸುಮಾರು 2,38,500 ಚದರ ಕಿಲೋಮೀಟರ್, ಕರ್ನಾಟಕಕ್ಕಿಂತ ತುಸು ದೊಡ್ಡದು.

ಕ್ಯಾಥೊಲಿಕ್ ಮಿಷನ್ ಶಾಲೆಯಲ್ಲಿ ಓದು ಮುಗಿಸಿದ ಹುಡುಗನನ್ನು ಅದೇ ಊರಿನಲ್ಲಿ ವಿದ್ಯಾರ್ಥಿ ಶಿಕ್ಷಕನಾಗಿ ನೇಮಿಸಿಕೊಂಡರು. ವಯಸ್ಸು ಹದಿನೇಳರ ಹತ್ತಿರ, ಎತ್ತರ ಸಾಲದು. ಕಪ್ಪುಹಲಗೆಯ ಮೇಲೆ ಬರೆಯಲು ಕುರ್ಚಿ ಹತ್ತಿ ನಿಲ್ಲಬೇಕಿತ್ತು. ಮೊದಲ ಪಾಠದ ದಿನ ಕೈ ನಡುಗುವ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ನಾನು ಇದನ್ನು ಹೇಳುವುದುಂಟು. ಅವರ ಪಾಠ ನೋಡಿ ಮೆಚ್ಚಿದ ತರಬೇತಿ ಕಾಲೇಜಿನ ಪ್ರಾಂಶುಪಾಲರು ಅಕ್ರಾಕ್ಕೆ ಬರಹೇಳಿದರು. ಆ ಕಾಲೇಜು 1927ರಲ್ಲಿ ಉದ್ಘಾಟನೆಯಾದ ಅಚಿಮೊಟ ವಿದ್ಯಾಸಂಸ್ಥೆಯೊಳಗೆ ಸೇರಿತು. ಅಲ್ಲಿಯ ಸಹಾಯಕ ಉಪಪ್ರಾಂಶುಪಾಲರು ಜೇಮ್ಸ್ ಅಗ್ರೆ, ಅಮೆರಿಕದಲ್ಲಿ ಓದಿ ಬಂದ ಆಫ್ರಿಕನ್. ಪಿಯಾನೊದ ಕಪ್ಪು ಮನೆಗಳಿಂದಷ್ಟೇ, ಬಿಳಿ ಮನೆಗಳಿಂದಷ್ಟೇ ಒಂದು ರಾಗವನ್ನು ಹೇಗೋ ನುಡಿಸಬಹುದು, ಸ್ವರಮೇಳಕ್ಕೆ ಎರಡೂ ಬೇಕು ಎಂಬುದು ಅವರ ಬೋಧನೆ. ಅಚಿಮೊಟದ ಲಾಂಛನದಲ್ಲಿ ಇವತ್ತಿಗೂ ಆ ಮನೆಗಳಿವೆ. ಅಗ್ರೆ ಅದೇ ವರ್ಷ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ತಾನೂ ಅಮೆರಿಕಕ್ಕೆ ಹೋಗಿ ಓದಬೇಕೆಂಬ ಹಟ ಎನ್‌ಕ್ರುಮಾ ಅವರಲ್ಲಿ ಬೇರೂರಿದ್ದು ಆಗ.

1930ರಲ್ಲಿ ಶಿಕ್ಷಕ ಪ್ರಮಾಣಪತ್ರ ಸಿಕ್ಕಿತು. ಮೊದಲ ನೇಮಕ ಎಲ್ಮಿನಾದ ಕಿರಿಯ ಶಾಲೆಗೆ, ಆಮೇಲೆ ಆಕ್ಸಿಮ್‌ನಲ್ಲಿ ಮುಖ್ಯ ಶಿಕ್ಷಕರಾಗಿ. ಎಲ್ಮಿನಾದಲ್ಲಿ 1482ರಲ್ಲಿ ಪೋರ್ಚುಗೀಸರು ಕಟ್ಟಿದ ಕೋಟೆಯಿದೆ. ಮೊದಲು ಚಿನ್ನ, ಆಮೇಲೆ ಮನುಷ್ಯರು ಅಲ್ಲಿಂದ ಹಡಗು ಹತ್ತಿದರು. ಗುಲಾಮರ ವ್ಯಾಪಾರವನ್ನು ಕಲಿಸುವಾಗ ಬಾಣದ ಗುರುತಿನ ನಕ್ಷೆ ಬರೆದು ಮುಗಿಸಬೇಡಿ. ಆ ಕೋಟೆಯ ನೆರಳಿನಲ್ಲಿ ಒಬ್ಬ ತರುಣ ಮೇಷ್ಟ್ರು ಪುಟ್ಟ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದದ್ದನ್ನೂ ಹೇಳಿ. ಅಲ್ಲಿಯೇ ಅವರು ಶಿಕ್ಷಕರ ಸಂಘವೊಂದನ್ನು ಕಟ್ಟಲು ನೆರವಾದರು.

1935ರಲ್ಲಿ ಅಮೆರಿಕಕ್ಕೆ ಹೊರಟರು. ದಾರಿಯಲ್ಲಿ, ಇಂಗ್ಲೆಂಡಿನಲ್ಲಿದ್ದಾಗ, ಇಟಲಿ ಇಥಿಯೋಪಿಯದ ಮೇಲೆ ಬಿದ್ದ ಸುದ್ದಿ ಕೇಳಿತು. ಪೆನ್ಸಿಲ್ವೇನಿಯದ ಲಿಂಕನ್ ವಿಶ್ವವಿದ್ಯಾಲಯದಲ್ಲಿ 1939ರಲ್ಲಿ ಪದವಿ, ಮುಂದೆ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಶಿಕ್ಷಣಶಾಸ್ತ್ರದಲ್ಲೂ ತತ್ತ್ವಶಾಸ್ತ್ರದಲ್ಲೂ ಸ್ನಾತಕೋತ್ತರ ಪದವಿಗಳು. ಹೊಟ್ಟೆಪಾಡಿಗೆ ಪಾತ್ರೆ ತೊಳೆದರು, ಮೀನು ಮಾರಿದರು, ಸಾಬೂನು ಕಾರ್ಖಾನೆಯಲ್ಲೂ ಹಡಗುಕಟ್ಟೆಯಲ್ಲೂ ದುಡಿದರು. ಹತ್ತು ವರ್ಷ ಹೀಗೆ ಕಳೆಯಿತು. 1945ರ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರಿನಲ್ಲಿ ನಡೆದ ಐದನೆಯ ಸರ್ವ ಆಫ್ರಿಕ ಸಮ್ಮೇಳನದ ಸಂಘಟಕರಲ್ಲಿ ಅವರೂ ಒಬ್ಬರು. 1947ರ ಕೊನೆಗೆ ಊರಿಗೆ ಮರಳಿದರು. ಲಿಂಕನ್‌ನ ಹಳೆಯ ಗೆಳೆಯ ಅಕೊ ಅಜೈ ಅವರ ಶಿಫಾರಸಿನ ಮೇಲೆ, ವಕೀಲ ಡಾಂಕ್ವಾ ಮುಂತಾದವರು ಕಟ್ಟಿದ್ದ ಪಕ್ಷಕ್ಕೆ ಕಾರ್ಯದರ್ಶಿಯಾಗಿ ಬಂದದ್ದು. ಈ ಎರಡು ಹೆಸರುಗಳನ್ನು ನೆನಪಿಟ್ಟುಕೊಳ್ಳಿ.

ಅವರು ಬಂದಿಳಿದ ನಾಡಿನಲ್ಲಿ ಎರಡು ಸಿಟ್ಟುಗಳು ಕುದಿಯುತ್ತಿದ್ದವು. ಒಂದು, ಯುದ್ಧದಿಂದ ಮರಳಿದ ಸೈನಿಕರದು. ಪಶ್ಚಿಮ ಆಫ್ರಿಕದ ಪಡೆಗಳು 1943ರಲ್ಲಿ ಭಾರತಕ್ಕೆ ಬಂದಿಳಿದು, ನಮ್ಮ ಸಿಪಾಯಿಗಳ ಹಾಗೆಯೇ ಬರ್ಮಾದಲ್ಲಿ ಜಪಾನೀಯರ ವಿರುದ್ಧ ಕಾದಿದ್ದವು. ಮಾತು ಕೊಟ್ಟ ಸೌಲಭ್ಯ ಕೇಳಲು 1948ರ ಫೆಬ್ರವರಿ 28ರಂದು ಅಕ್ರಾದಲ್ಲಿ ಮೆರವಣಿಗೆ ಹೋದ ಮಾಜಿ ಸೈನಿಕರಲ್ಲಿ ಮೂವರು ಗುಂಡಿಗೆ ಬಿದ್ದರು.

ಇನ್ನೊಂದು ಕೋಕೋ ಬೆಳೆಗಾರರ ಸಿಟ್ಟು. ಇದನ್ನು ಮೂಡಿಗೆರೆ ಸೀಮೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ, ಕೇಳಿದರೆ ಅವರೇ ಹೇಳುತ್ತಾರೆ. ನಮ್ಮಲ್ಲಿ ಬಾಬಾ ಬುಡನ್ ಯೆಮನ್ನಿನಿಂದ ಕಾಫಿ ಬೀಜ ತಂದರೆಂಬ ಪ್ರತೀತಿ ಇರುವ ಹಾಗೆ, ಅಲ್ಲಿ ತೆತ್ತೆ ಕ್ವಾರ್ಶಿ ಎಂಬ ಕಮ್ಮಾರ 1879ರಲ್ಲಿ ಫೆರ್ನಾಂಡೊ ಪೊ ದ್ವೀಪದಿಂದ ಕೋಕೋ ಬೀಜ ತಂದು ಬೆಳೆಸಿದ. ನೆರಳು ಬೇಡುವ ಈ ಬೆಳೆ ಕಾಡಿನ ಪಟ್ಟಿಗೆ ಹೇಳಿ ಮಾಡಿಸಿದಂತಿತ್ತು. ಗೋಲ್ಡ್ ಕೋಸ್ಟ್ ಜಗತ್ತಿನಲ್ಲೇ ಅತಿ ಹೆಚ್ಚು ಕೋಕೋ ಬೆಳೆಯುವ ನಾಡಾಯಿತು. ಆಮೇಲೆ ರೆಂಬೆ ಊದುವ ವೈರಸ್ ರೋಗ ಬಂತು. ಬಿಳಿ ಹಿಟ್ಟುತಿಗಣೆ ಹರಡುವ ಈ ರೋಗಕ್ಕೆ ಮದ್ದಿಲ್ಲ, ಮರ ಕಡಿಯುವುದೊಂದೇ ದಾರಿ. ಇನ್ನೂ ಕಾಯಿ ಬಿಡುತ್ತಿರುವ ಮರಕ್ಕೆ ಸರ್ಕಾರದ ಆಳು ಕೊಡಲಿ ಹಾಕಿದರೆ ಬೆಳೆಗಾರ ಸುಮ್ಮನಿರುವನೆ? ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡವನ್ನು ಕಿತ್ತು ಸುಡುವಾಗ ಮನೆಯ ಹಿರಿಯರ ಮುಖ ಹೇಗಿತ್ತೆಂದು ಮಕ್ಕಳನ್ನು ಕೇಳಿ ನೋಡಿ.

ಎನ್‌ಕ್ರುಮಾ ಈ ಎರಡು ಸಿಟ್ಟುಗಳನ್ನೂ ಒಂದು ಚಳವಳಿಗೆ ತಂದರು. ವಕೀಲರ ಪಕ್ಷ ನಿಧಾನವೆನಿಸಿ 1949ರ ಜೂನ್‌ನಲ್ಲಿ ತಮ್ಮದೇ ಪಕ್ಷ ಕಟ್ಟಿದರು. ಗಾಂಧೀಜಿಯವರ ಮಾರ್ಗವನ್ನು ಓದಿ ತಿಳಿದಿದ್ದ ಅವರು 1950ರ ಜನವರಿಯಲ್ಲಿ ಮುಷ್ಕರ ಮತ್ತು ಬಹಿಷ್ಕಾರಕ್ಕೆ ಕರೆ ಕೊಟ್ಟು ಜೈಲು ಸೇರಿದರು. ಜೇಮ್ಸ್ ಕೋಟೆ ಎಂಬ ಆ ಜೈಲು ಕೂಡ ಹಳೆಯ ವ್ಯಾಪಾರದ ಕೋಟೆಯೇ. 1951ರ ಫೆಬ್ರವರಿಯ ಚುನಾವಣೆಯಲ್ಲಿ ಅವರು ಸೆರೆಯಲ್ಲಿದ್ದುಕೊಂಡೇ ಅಕ್ರಾ ಕೇಂದ್ರದಿಂದ ನಿಂತರು. ಚಲಾಯಿತವಾದ 23,122 ಮತಗಳಲ್ಲಿ 22,780 ಅವರಿಗೆ. ನಾಲ್ಕು ದಿನದ ಮೇಲೆ ಗವರ್ನರ್ ಅವರನ್ನು ಬಿಡಿಸಿ ಸರ್ಕಾರದ ವ್ಯವಹಾರ ವಹಿಸಿದರು. ಮರುವರ್ಷ ಪ್ರಧಾನಿ.

ಮೇಷ್ಟ್ರು ಮೊದಲು ಕೈ ಹಾಕಿದ್ದು ಶಾಲೆಗೆ. 1952ರಿಂದ ಪ್ರಾಥಮಿಕ ಶಿಕ್ಷಣಕ್ಕೆ ಬೋಧನಾ ಶುಲ್ಕ ಇಲ್ಲವಾಯಿತು. ಕೆಲವೇ ವರ್ಷಗಳಲ್ಲಿ ಮಕ್ಕಳ ಸಂಖ್ಯೆ ಎರಡು ಪಟ್ಟಾಯಿತು, ತರಬೇತಾದ ಶಿಕ್ಷಕರ ಸಂಖ್ಯೆ ಹಾಗೆ ಬೆಳೆಯಲಿಲ್ಲ. ತಾವು ಒಮ್ಮೆ ಇದ್ದಂಥ ತರಬೇತಿಯಿಲ್ಲದ ಹುಡುಗರನ್ನೇ ತರಗತಿಗಳಿಗೆ ಕಳಿಸಬೇಕಾಯಿತು. ಗುಣಮಟ್ಟ ಇಳಿಯಿತೆಂದು ಟೀಕೆ ಬಂತು. ಟೀಕೆ ಸುಳ್ಳಲ್ಲ, ಆದರೆ ಶಾಲೆಯ ಹೊರಗೇ ಉಳಿಯುತ್ತಿದ್ದ ಮಗುವಿನ ಕಡೆಯಿಂದ ನೋಡಿದರೆ ನಾನು ಎನ್‌ಕ್ರುಮಾ ಪರ.

ಇದಕ್ಕೆಲ್ಲ ಹಣ ಎಲ್ಲಿಂದ? ಮತ್ತೆ ಕೋಕೋದಿಂದ. 1954ರಲ್ಲಿ ಅವರ ಸರ್ಕಾರ ಬೆಳೆಗಾರನಿಗೆ 60 ಪೌಂಡಿನ ಹೊರೆಗೆ 72 ಷಿಲಿಂಗ್ ಎಂದು ಬೆಲೆ ಕಟ್ಟಿತು. ಹೊರಗಿನ ಮಾರುಕಟ್ಟೆಯಲ್ಲಿ ಅದರ ಎರಡು ಪಟ್ಟಿಗೂ ಮೀರಿದ ಬೆಲೆ ಇತ್ತು, ಉಳಿದದ್ದು ಮಂಡಳಿಗೂ ಸರ್ಕಾರಕ್ಕೂ ಹೋಯಿತು. ಕೋಕೋ ನಾಡಾದ ಅಶಾಂತಿ ಪ್ರಾಂತ್ಯ ಕೆರಳಿ ಕುಮಾಸಿಯಲ್ಲಿ ವಿರೋಧ ಪಕ್ಷ ಹುಟ್ಟಿತು. ಕಾಫಿ ಮಂಡಳಿಯ ಪೂಲಿಗೆ ಬೆಳೆ ಒಪ್ಪಿಸಿ ಕಂತಿನ ಹಣಕ್ಕೆ ಕಾದ ಅನುಭವ ನಮ್ಮ ಬೆಳೆಗಾರರಿಗಿದೆ. ಆ ವ್ಯವಸ್ಥೆ ಪೂರ್ತಿ ಮುಗಿದದ್ದು 1996ರಲ್ಲಿ. ಪೂಲು ಒಳ್ಳೆಯದಿತ್ತೋ ಕೆಟ್ಟದ್ದಿತ್ತೋ ಎಂಬ ವಾದ ನಮ್ಮ ಮದುವೆ ಮನೆಗಳ ಊಟದ ಪಂಕ್ತಿಯಲ್ಲಿ ಇನ್ನೂ ಮುಗಿದಿಲ್ಲ. ತರಗತಿಯಲ್ಲಿ ಎರಡು ಗುಂಪು ಮಾಡಿ ಈ ಪ್ರಶ್ನೆ ಕೊಡಿ: ಒಂದು ಗುಂಪು ಬೆಳೆಗಾರ, ಇನ್ನೊಂದು ಶಾಲೆ ಕಟ್ಟಬೇಕಾದ ಸರ್ಕಾರ.

1957ರ ಮಾರ್ಚ್ 6ರಂದು ಸ್ವಾತಂತ್ರ್ಯ ಬಂತು. ಘಾನಾ ಎಂಬ ಹೆಸರು ಮಧ್ಯಯುಗದ ಸಾಮ್ರಾಜ್ಯವೊಂದರದು. ಆ ಸಾಮ್ರಾಜ್ಯ ಇದ್ದದ್ದು ಈಗಿನ ಘಾನಾದಲ್ಲಿ ಅಲ್ಲ, ವಾಯವ್ಯಕ್ಕೆ ಬಹುದೂರ, ಇಂದಿನ ಮಾಲಿ ಮತ್ತು ಮಾರಿಟೇನಿಯದ ಸೀಮೆಯಲ್ಲಿ. ನಮ್ಮ ಪಾಠಯೋಜನೆಗಳಲ್ಲಿ ಈ ತಪ್ಪು ಪದೇ ಪದೇ ಕಾಣುತ್ತದೆ, ತಿದ್ದಿಕೊಳ್ಳಿ.

ಇಲ್ಲಿಂದ ಮುಂದಿನದು ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ ಭಾಗ. 1958ರಲ್ಲಿ ಮುಂಜಾಗ್ರತಾ ಬಂಧನ ಕಾಯ್ದೆ ಬಂತು. ವಿಚಾರಣೆಯಿಲ್ಲದೆ ಐದು ವರ್ಷ ಸೆರೆಯಲ್ಲಿಡಬಹುದು. ಅಂಥ ಕಾಯ್ದೆ ನಮ್ಮಲ್ಲೂ 1950ರಿಂದಲೇ ಇತ್ತು ಎಂಬುದನ್ನು ಮರೆಮಾಚಬೇಡಿ. 1960ರಲ್ಲಿ ದೇಶ ಗಣರಾಜ್ಯವಾಗಿ ಅವರು ಅಧ್ಯಕ್ಷರಾದರು, 1964ರಲ್ಲಿ ಒಂದೇ ಪಕ್ಷದ ರಾಜ್ಯವಾಯಿತು. ಅವರ ಮೇಲೆ ಬಾಂಬ್ ದಾಳಿಗಳು ನಡೆದದ್ದೂ ನಿಜ. 1962ರ ದಾಳಿಯ ಆರೋಪದ ಮೇಲೆ ಸೆರೆ ಸೇರಿದವರಲ್ಲಿ ಅವರನ್ನು ಊರಿಗೆ ಕರೆಸಿದ್ದ ಗೆಳೆಯ ಅಕೊ ಅಜೈ ಇದ್ದರು. ಡಾಂಕ್ವಾ 1965ರ ಫೆಬ್ರವರಿಯಲ್ಲಿ ಜೈಲಿನಲ್ಲೇ ತೀರಿಕೊಂಡರು. ಜೈಲಿನಿಂದ ಗೆದ್ದು ಬಂದವರ ಆಡಳಿತದಲ್ಲಿ ಹೀಗಾಯಿತು.

ಇದೇ ವರ್ಷಗಳಲ್ಲಿ ವೋಲ್ಟಾ ನದಿಗೆ ಅಕೊಸೊಂಬೊದಲ್ಲಿ ಅಣೆಕಟ್ಟು ಎದ್ದಿತು. ಹಿಂದೆ ನಿಂತ ಸರೋವರ ಸುಮಾರು 8,500 ಚದರ ಕಿಲೋಮೀಟರ್. ನಮ್ಮ ಇಡೀ ಚಿಕ್ಕಮಗಳೂರು ಜಿಲ್ಲೆಯೇ 7,201. ಸುಮಾರು 80,000 ಜನ ಊರು ಬಿಟ್ಟರು. ದೇಶಕ್ಕೆ ಬೆಳಕು ಬಂತು, ಅಲ್ಯೂಮಿನಿಯಂ ಕಾರ್ಖಾನೆಗೆ ವಿದ್ಯುತ್ ಬಂತು. ಲಿಂಗನಮಕ್ಕಿಯ ಮುಳುಗಡೆಯ ಕಥೆ ಕೇಳಿ ಬೆಳೆದ ಮಲೆನಾಡಿನವರಿಗೆ ಈ ಲೆಕ್ಕದ ಎರಡೂ ಬದಿ ಗೊತ್ತು. ಅಷ್ಟರಲ್ಲಿ ಕೋಕೋ ಬೆಲೆ ಕುಸಿದು 1965ರಲ್ಲಿ 1954ರ ಬೆಲೆಯ ಮೂರನೇ ಒಂದು ಭಾಗದ ಆಸುಪಾಸಿಗೆ ಬಂತು. ಬೆಳೆ ಮಾತ್ರ ಹಿಂದೆಂದೂ ಇಲ್ಲದಷ್ಟು ಬಂದಿತ್ತು. ಸಾಲ ಏರಿತು, ಅಂಗಡಿಗಳಲ್ಲಿ ಸಾಮಾನು ಸಿಗದಾಯಿತು.

1966ರ ಜನವರಿಯಲ್ಲಿ ಅಣೆಕಟ್ಟಿನ ಉದ್ಘಾಟನೆ. ಮರುತಿಂಗಳು ವಿಯೆಟ್ನಾಂ ಶಾಂತಿಗಾಗಿ ಹನೋಯ್‌ಗೆ ಹೊರಟು ಬೀಜಿಂಗ್ ತಲುಪಿದ್ದಾಗ, 24ರಂದು ಸೈನ್ಯ ಮತ್ತು ಪೊಲೀಸರು ಅವರ ಸರ್ಕಾರವನ್ನು ಕೆಡವಿದರು. ಅಕ್ರಾದ ಬೀದಿಗಳಲ್ಲಿ ಜನ ಅವರ ಪ್ರತಿಮೆಯನ್ನು ಉರುಳಿಸಿದರು. ಗಿನಿ ದೇಶದ ಅಧ್ಯಕ್ಷ ಸೆಕು ತುರೆ ಆಶ್ರಯ ಕೊಟ್ಟು ಸಹ ಅಧ್ಯಕ್ಷರೆಂದು ಕರೆದರು. ಮತ್ತೆ ಅವರು ಘಾನಾದ ನೆಲ ಮೆಟ್ಟಲಿಲ್ಲ. ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದಾಗ 1972ರ ಏಪ್ರಿಲ್ 27ರಂದು ರುಮೇನಿಯದ ಬುಕಾರೆಸ್ಟಿನಲ್ಲಿ ತೀರಿಕೊಂಡರು. ಮೊದಲು ಗಿನಿಯ ಕೊನಾಕ್ರಿಯಲ್ಲಿ ಮಣ್ಣು ಮಾಡಿದರು, ಅದೇ ವರ್ಷ ಶವವನ್ನು ಹುಟ್ಟೂರು ಎನ್‌ಕ್ರೊಫುಲ್‌ಗೆ ತಂದರು, 1992ರಲ್ಲಿ ಅಲ್ಲಿಂದ ಅಕ್ರಾಕ್ಕೆ. ಬ್ರಿಟಿಷ್ ಅಧಿಕಾರಿಗಳು ಪೋಲೊ ಆಡುತ್ತಿದ್ದ ಮೈದಾನದಲ್ಲಿ ಈಗ ಅವರ ಸಮಾಧಿ ಇದೆ. 1957ರ ಆ ಮಧ್ಯರಾತ್ರಿ ಸ್ವಾತಂತ್ರ್ಯ ಸಾರಿದ ಜಾಗ ಅದು.

ಎರಡು ವಾರ ಬಿಟ್ಟು ಅದೇ ಪ್ರಶಿಕ್ಷಣಾರ್ಥಿ ಅದೇ ತರಗತಿಯಲ್ಲಿ ಎರಡನೆಯ ಅವಧಿ ತೆಗೆದುಕೊಂಡು ಈ ಭಾಗವನ್ನು ಕಲಿಸಿದರು. ಗೋಳದ ಮೇಲೆ ಎನ್‌ಕ್ರೊಫುಲ್‌ನಿಂದ ಫಿಲಡೆಲ್ಫಿಯ, ಲಂಡನ್, ಅಕ್ರಾ, ಬೀಜಿಂಗ್, ಕೊನಾಕ್ರಿ, ಬುಕಾರೆಸ್ಟ್ ಎಂದು ದಾರ ಹಿಡಿದವಳು ಚನಿಯಜ್ಜನ ಮರಿಮಗಳು. ದಾರ ಸಾಲಲಿಲ್ಲ, ಇನ್ನೊಂದು ತುಂಡು ಗಂಟು ಹಾಕಬೇಕಾಯಿತು.