ತಾಳೆಯೋಲೆಯ ನಾಡಿಗೆ ಬಂದ ಯಾತ್ರಿಕ

ಅರಿವನ್ನು ಅರಸುವವನಿಗೆ ಹಾದಿಯೇ ಗುರುಕುಲ, ನಡಿಗೆಯೇ ತಪಸ್ಸು. ಚೀನ ದೇಶದಿಂದ ಬುದ್ಧಭೂಮಿಯ ದರ್ಶನಕ್ಕೆಂದು ಬಂದ ಭಿಕ್ಷು ಹ್ಯುಯೆನ್‌ತ್ಸಾಂಗನ ಬಾಳು ಇದಕ್ಕೆ ಉಜ್ಜ್ವಲ ನಿದರ್ಶನವಾಗಿದೆ.

ಕ್ರಿ.ಶ. 602ರ ಸುಮಾರಿನಲ್ಲಿ ಲೋಯಾಂಗ್ ನಗರದ ಸಮೀಪದ ವಿದ್ವತ್ಕುಟುಂಬವೊಂದರಲ್ಲಿ ಜನಿಸಿದ ಈತನು ಬಾಲ್ಯದಲ್ಲಿಯೇ ಸಂಘವನ್ನು ಸೇರಿದನು. ತನ್ನ ನಾಡಿನಲ್ಲಿದ್ದ ಬೌದ್ಧಗ್ರಂಥಗಳ ಅನುವಾದಗಳು ಒಂದಕ್ಕೊಂದು ಹೊಂದದಿರಲು, ಮೂಲವನ್ನೇ ಕಂಡು ಸಂಶಯವನ್ನು ಹರಿಸಿಕೊಳ್ಳಬೇಕೆಂದು ನಿಶ್ಚಯಿಸಿದನು. ಗಡಿ ದಾಟಲು ರಾಜಾಜ್ಞೆ ದೊರೆಯಲಿಲ್ಲ. 629ರ ಸುಮಾರಿಗೆ ಗುಟ್ಟಾಗಿ ಹೊರಟನು. ಮರುಭೂಮಿಯ ನಡುವೆ ನೀರಿನ ಚೀಲವು ಕೈಜಾರಿ ಬರಿದಾಯಿತು. ನೀರಿಗಾಗಿ ಕೆಲದೂರ ಹಿಂದಿರುಗಿದನು. ಭಾರತವನ್ನು ಮುಟ್ಟುವ ಮೊದಲು ಪೂರ್ವಕ್ಕೆ ಹೆಜ್ಜೆಯಿಡೆನೆಂಬ ವ್ರತವು ನೆನಪಾಗಲು ಮರಳಿ ಪಶ್ಚಿಮಕ್ಕೇ ತಿರುಗಿದನು. ನಾಲ್ಕು ಇರುಳು, ಐದು ಹಗಲು ಹನಿ ನೀರಿಲ್ಲದೆ ಬಳಲಿದವನನ್ನು ಅವನ ಮುದಿಕುದುರೆಯು ಕೊಳವೊಂದಕ್ಕೆ ಮುಟ್ಟಿಸಿ ಬದುಕಿಸಿತು.

ಬುದ್ಧನು ಹುಟ್ಟಿದ, ಬೋಧೆಗೊಂಡ, ಬೋಧಿಸಿದ, ನಿರ್ವಾಣ ಹೊಂದಿದ ಸ್ಥಳಗಳನ್ನೆಲ್ಲ ಸಂದರ್ಶಿಸಿ, ನಾಲಂದದಲ್ಲಿ ವಯೋವೃದ್ಧ ಆಚಾರ್ಯ ಶೀಲಭದ್ರನ ಶಿಷ್ಯನಾದನು. ಆ ವಿದ್ಯಾಪೀಠಕ್ಕೆ ನೂರು ಗ್ರಾಮಗಳ ಆದಾಯ ಮೀಸಲಾಗಿತ್ತು. ಗ್ರಾಮಸ್ಥರು ನಿತ್ಯವೂ ಅಕ್ಕಿ, ಹಾಲು, ಬೆಣ್ಣೆಗಳನ್ನು ತಂದೊಪ್ಪಿಸುತ್ತಿದ್ದರು. ಈ ಪರದೇಶಿ ವಿದ್ಯಾರ್ಥಿಗೆ ದಿನಕ್ಕೆ 20 ಅಡಕೆಗಳೂ ಸಲ್ಲುತ್ತಿದ್ದವೆಂಬುದು ಚನ್ನಗಿರಿಯ ತೋಟಿಗರಿಗೆ ಮುದ ನೀಡುವ ಸಂಗತಿ. ಭಿಕ್ಷುವಿನ ಪಾಂಡಿತ್ಯದ ಹಿಂದೆ ಉಳುವವರ ದಾಸೋಹವಿದ್ದಿತು.

ಸುಮಾರು 640ರಲ್ಲಿ ಕಂಚಿಗೆ ಬಂದು, ಅಲ್ಲಿಂದ ಉತ್ತರಾಭಿಮುಖವಾಗಿ ಕೊಂಕಣಪುರವೆಂಬ ರಾಜ್ಯವನ್ನು ಹೊಕ್ಕನು. ಇದು ಬನವಾಸಿಯೆಂದು ಕೆಲವರು, ಆನೆಗೊಂದಿಯೆಂದು ಕೆಲವರು ಊಹಿಸಿದ್ದಾರೆ. ನೂರಕ್ಕೂ ಮಿಕ್ಕ ಸಂಘಾರಾಮಗಳು, ಹತ್ತು ಸಾವಿರ ಭಿಕ್ಷುಗಳು, ಶ್ರೀಗಂಧದ ಮೈತ್ರೇಯ ಪ್ರತಿಮೆ, ರಾಜಧಾನಿಯ ಬಡಗಣದಲ್ಲಿ ಬರೆವಣಿಗೆಗೆ ಓಲೆ ನೀಡುವ ತಾಳೆಯ ವನ, ಇವೆಲ್ಲವನ್ನೂ ಆತನು ದಾಖಲಿಸಿದ್ದಾನೆ.

ನಮ್ಮ ಸೀಮೆಗೂ ಆ ಧರ್ಮ ಅಪರಿಚಿತವಲ್ಲ. ಜಗಳೂರಿನ ಈಶಾನ್ಯಕ್ಕಿರುವ ಬ್ರಹ್ಮಗಿರಿಯ ಬಂಡೆಯಲ್ಲಿ ಈ ಯಾತ್ರಿಕನಿಗೆ ಸುಮಾರು ಒಂಬತ್ತು ಶತಮಾನ ಮೊದಲೇ ಅಶೋಕನ ಶಾಸನವಿತ್ತು. ಹೊನ್ನಾಳಿ, ನ್ಯಾಮತಿಗಳಿಗೆ ಪಡುವಣ ಬಳ್ಳಿಗಾವೆಯಲ್ಲಿ, ಅವನ ಕಾಲಕ್ಕೆ ನಾಲ್ಕು ಶತಮಾನಗಳ ಬಳಿಕ, 1065ರಲ್ಲಿ, ದಂಡನಾಯಕ ರೂಪಭಟ್ಟಯ್ಯನು ಬೌದ್ಧವಿಹಾರವನ್ನು ಕಟ್ಟಿಸಿದನು.

ಮುಂದೆ ಆತನು ಪುಲಕೇಶಿಯ ರಾಜ್ಯವನ್ನು ಕಂಡನು. ಬಳಿಕ ಕನೌಜಿನಲ್ಲಿ ಹರ್ಷನು ಮಹಾಸಭೆಯನ್ನು ನೆರೆಯಿಸಿ ಅವನನ್ನು ಸನ್ಮಾನಿಸಿದನು. ಆದರೂ ತನ್ನ ಗ್ರಂಥದಲ್ಲಿ, ಹರ್ಷನಿಗೆ ಪುಲಕೇಶಿಯನ್ನು ಗೆಲ್ಲಲಾಗಲಿಲ್ಲವೆಂಬುದನ್ನು ಮರೆಮಾಚಲಿಲ್ಲ. 634ರ ಐಹೊಳೆಯ ಶಾಸನವೂ ಇದನ್ನೇ ಸಾರುತ್ತದೆ. ಚಾಲುಕ್ಯರ ಆಸ್ಥಾನಕವಿಯ ಮಾತನ್ನು ಹರ್ಷನ ಅತಿಥಿಯೇ ದೃಢೀಕರಿಸಿದುದರಿಂದ ನಮ್ಮ ನಾಡಿನ ಇತಿಹಾಸಕ್ಕೆ ಭದ್ರವಾದ ಆಧಾರ ದೊರೆಯಿತು. ಉಂಡ ಮನೆಯ ಋಣವನ್ನು ಮರೆಯದೆ, ಸತ್ಯವನ್ನೂ ಬಿಡದೆ ಬರೆದುದು ಆತನ ಹಿರಿಮೆ.

ಮರಳುವಾಗ ಸಿಂಧೂನದಿಯಲ್ಲಿ ಐವತ್ತು ಹಸ್ತಪ್ರತಿಗಳು ನೀರುಪಾಲಾದವು. ಎದೆಗುಂದದೆ ಅವುಗಳ ಪ್ರತಿ ಮಾಡಿಸಲು ಜನರನ್ನು ಕಳುಹಿಸಿದನು. 645ರಲ್ಲಿ 657 ಗ್ರಂಥಗಳೊಡನೆ ಚಾಂಗಾನ್ ನಗರವನ್ನು ಸೇರಿ, 664ರಲ್ಲಿ ದೇಹಬಿಡುವವರೆಗೆ 75 ಕೃತಿಗಳನ್ನು ಚೀನೀ ಭಾಷೆಗೆ ತಂದನು.

ಪಡೆದ ವಿದ್ಯೆಯನ್ನು ಹೊತ್ತು ತಂದು ಊರವರಿಗೆ ಹಂಚಿದವನೇ ನಿಜವಾದ ಯಾತ್ರಿಕ. ಅಂಥ ಯಾತ್ರಿಕರು ಈ ವಿದ್ಯಾಮಂದಿರದಿಂದಲೂ ಹೊರಹೊಮ್ಮಲಿ.