ಗಡಿ ದಾಟಿದ ಮೆಲುದನಿ: ಜಿಮ್ ರೀವ್ಸ್

ಅಮೆರಿಕದ ಸಂಗೀತ ವ್ಯಾಪಾರದಲ್ಲಿ ಹಾಡುಗಳಿಗೆ ಬಹುಕಾಲ ಪಂಕ್ತಿಭೇದವಿತ್ತು. ದಕ್ಷಿಣ ರಾಜ್ಯಗಳ ಹಳ್ಳಿಗಾಡಿನ ಬಿಳಿಯರ ಹಾಡುಗಳಿಗೆ ಕಂಟ್ರಿ ಎಂಬ ಪಟ್ಟಿ, ಕಪ್ಪು ಜನರ ಹಾಡುಗಳಿಗೆ ರಿದಮ್ ಅಂಡ್ ಬ್ಲೂಸ್ ಎಂಬ ಪಟ್ಟಿ, ನಗರದ ಮಧ್ಯಮ ವರ್ಗ ಕೇಳುವ ಹಾಡುಗಳಿಗೆ ಪಾಪ್ ಎಂಬ ಪಟ್ಟಿ. ಒಂದು ಪಂಕ್ತಿಯಲ್ಲಿ ಕುಳಿತ ಹಾಡು ಇನ್ನೊಂದರಲ್ಲಿ ಕಾಣಿಸಿಕೊಳ್ಳುವುದು ಅಪರೂಪ. 1960ರ ಆರಂಭದಲ್ಲಿ ಟೆಕ್ಸಾಸಿನ ಗಾಯಕರೊಬ್ಬರ ಹಾಡು ಕಂಟ್ರಿ ಪಟ್ಟಿಯ ಮೊದಲ ಸ್ಥಾನದಲ್ಲಿ 14 ವಾರ ನಿಂತಿತು. ಅದೇ ಹಾಡು ಪಾಪ್ ಪಟ್ಟಿಯ ಎರಡನೆಯ ಸ್ಥಾನಕ್ಕೂ ಏರಿತು. ಅದನ್ನು ಹಾಡಿದವರು ಜಿಮ್ ರೀವ್ಸ್. ಕಂಟ್ರಿ ಮತ್ತು ಪಾಪ್ ನಡುವಣ ಗೆರೆಯನ್ನು ಮಸುಕಾಗಿಸಿದವರಲ್ಲಿ ಅವರ ಹೆಸರು ಮುಂಚೂಣಿಯಲ್ಲಿದೆ. ಅದಕ್ಕಾಗಿ ಅವರಿಗೆ ಸಂದ ಪ್ರೀತಿಯೂ ದೊಡ್ಡದು, ಎದುರಾದ ಆಕ್ಷೇಪವೂ ಸಣ್ಣದಲ್ಲ.

ಮೈದಾನದ ಕನಸು

ಜೇಮ್ಸ್ ಟ್ರಾವಿಸ್ ರೀವ್ಸ್ ಹುಟ್ಟಿದ್ದು 1923ರ ಆಗಸ್ಟ್ 20ರಂದು, ಪೂರ್ವ ಟೆಕ್ಸಾಸಿನ ಪನೋಲಾ ಕೌಂಟಿಗೆ ಸೇರಿದ ಗ್ಯಾಲೋವೇ ಎಂಬ ಕುಗ್ರಾಮದಲ್ಲಿ. ಮಗು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡಿತು. ದೊಡ್ಡ ಸಂಸಾರದ ಹೊಣೆ ತಾಯಿಯ ಹೆಗಲಿಗೆ ಬಿತ್ತು. ಬಡತನದ ಆ ಮನೆಯಲ್ಲಿ ಬೆಳೆದ ಹುಡುಗನ ಕಿವಿಗೆ ಎರಡು ಬಗೆಯ ಸಂಗೀತ ಬೀಳುತ್ತಿತ್ತು. ಒಂದು ಜಿಮ್ಮಿ ರಾಡ್ಜರ್ಸ್ ಮುಂತಾದವರ ಹಳ್ಳಿಗಾಡಿನ ಹಾಡು, ಇನ್ನೊಂದು ಬಿಂಗ್ ಕ್ರಾಸ್ಬಿಯಂಥವರು ಮೈಕಿನ ಮುಂದೆ ಮೆಲ್ಲಗೆ ಗುನುಗುತ್ತಿದ್ದ ನಗರದ ಹಾಡು. ಮುಂದೆ ಅವರು ಕಟ್ಟಿದ ಶೈಲಿಯ ಎರಡು ಎಳೆಗಳೂ ಇವೇ.

ಆದರೆ ಯೌವನದಲ್ಲಿ ಅವರು ಕಂಡ ಕನಸು ಸಂಗೀತದ್ದಲ್ಲ, ಬೇಸ್‌ಬಾಲಿನದು. ಆಟದ ಬಲದಿಂದಲೇ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿವೇತನ ದೊರೆಯಿತು. ಭಾಷಣಕಲೆ ಮತ್ತು ನಾಟಕ ಕಲಿಯಲೆಂದು ಸೇರಿದವರು ಕೆಲವೇ ವಾರಗಳಲ್ಲಿ ಓದು ಬಿಟ್ಟು ಹ್ಯೂಸ್ಟನ್ನಿನ ಹಡಗುಕಟ್ಟೆಯಲ್ಲಿ ಕೂಲಿಗೆ ನಿಂತರು. 1944ರಲ್ಲಿ ಸೇಂಟ್ ಲೂಯಿ ಕಾರ್ಡಿನಲ್ಸ್ ತಂಡದ ಕಿರಿಯರ ಬಳಗ ಅವರನ್ನು ಚೆಂಡೆಸೆತಗಾರನಾಗಿ ಸೇರಿಸಿಕೊಂಡಿತು. ಮೂರು ವರ್ಷಗಳೊಳಗೆ ಕಾಲಿನ ನರಕ್ಕೆ ಆದ ಪೆಟ್ಟು ಆ ದಾರಿಯನ್ನು ಮುಚ್ಚಿತು. 1947ರಲ್ಲಿ ಮೇರಿ ವೈಟ್ ಅವರನ್ನು ಮದುವೆಯಾದ ರೀವ್ಸ್, ಆಟದ ಆಸೆ ತೊರೆದು ರೇಡಿಯೋ ಉದ್ಘೋಷಕರಾದರು.

ರೇಡಿಯೋ ಕಲಿಸಿದ ಪಾಠ

ಉದ್ಘೋಷಕನ ಕೆಲಸ ಹೊಟ್ಟೆಪಾಡಿಗೆ ಹಿಡಿದದ್ದು. ಆದರೆ ಅವರ ಗಾಯನದ ನಿಜವಾದ ಗುರು ಅದೇ. ಸಭೆಯ ಮುಂದೆ ಮಾತನಾಡುವವನು ಕೊನೆಯ ಸಾಲಿಗೆ ಕೇಳಿಸುವಂತೆ ಕೂಗಬೇಕು. ರೇಡಿಯೋದಲ್ಲಿ ಮಾತನಾಡುವವನಿಗೆ ಅಷ್ಟು ದೊಡ್ಡ ದನಿ ಬೇಡ. ಅವನ ಕೇಳುಗ ಒಬ್ಬನೇ, ಅವನೂ ಅಡುಗೆಮನೆಯಲ್ಲೋ ಜಗಲಿಯಲ್ಲೋ ಹತ್ತಿರದಲ್ಲೇ ಕುಳಿತಿರುತ್ತಾನೆ. ದನಿಯನ್ನು ತಗ್ಗಿಸಿ, ಪ್ರತಿ ಅಕ್ಷರವನ್ನೂ ಬಿಡಿಸಿ ನುಡಿಯುವ ಅಭ್ಯಾಸ ರೀವ್ಸ್ ಅವರಿಗೆ ಬಂದದ್ದು ಇಲ್ಲಿಂದಲೇ.

ಗಾಯಕರಾಗಿ ಅವರ ಮೊದಲ ಯಶಸ್ಸಿನಲ್ಲಿ ಮಾತ್ರ ಈ ಪಾಠದ ಗುರುತಿರಲಿಲ್ಲ. ಲೂಸಿಯಾನದ ಶ್ರೀವ್‌ಪೋರ್ಟ್ ನಗರದ ಕೆಡಬ್ಲ್ಯುಕೆಎಚ್ ರೇಡಿಯೋ ಕೇಂದ್ರದಿಂದ ಲೂಸಿಯಾನ ಹೇರೈಡ್ ಎಂಬ ಜನಪ್ರಿಯ ಸಂಗೀತ ಕಾರ್ಯಕ್ರಮ ಪ್ರಸಾರವಾಗುತ್ತಿತ್ತು. 1954ರಲ್ಲಿ ಎಲ್ವಿಸ್ ಪ್ರೀಸ್ಲಿ ಎಂಬ ಹೊಸ ಹುಡುಗ ಹತ್ತಿದ ವೇದಿಕೆಯೂ ಇದೇ. ಅಲ್ಲಿ ಉದ್ಘೋಷಕರಾಗಿದ್ದ ರೀವ್ಸ್, ಬರಬೇಕಿದ್ದ ಕಲಾವಿದರೊಬ್ಬರು ಬಾರದ ದಿನ ತಾವೇ ಹಾಡಿ ಗಮನ ಸೆಳೆದರು. 1953ರಲ್ಲಿ ಅಬಟ್ ಎಂಬ ಸಣ್ಣ ಕಂಪನಿಗೆ ಹಾಡಿದ ‘ಮೆಕ್ಸಿಕನ್ ಜೋ’ ಕಂಟ್ರಿ ಪಟ್ಟಿಯ ಮೊದಲ ಸ್ಥಾನ ಪಡೆಯಿತು. ಅದರ ಬೆನ್ನಿಗೇ ‘ಬಿಂಬೋ’ ಕೂಡ ಗೆದ್ದಿತು. ಎರಡೂ ಕುಣಿದಾಡುವ ಲಯದ, ಎತ್ತರದ ದನಿಯಲ್ಲಿ ಹಾಡಿದ ತಮಾಷೆಯ ಹಾಡುಗಳು. ಪಿಟೀಲೂ ಸ್ಟೀಲ್ ಗಿಟಾರೂ ಜೊತೆಗಿದ್ದ ಅಂದಿನ ವಾಡಿಕೆಯ ಕಂಟ್ರಿ. 1955ರಲ್ಲಿ ಆರ್‌ಸಿಎ ಕಂಪನಿ ಅವರನ್ನು ಬರಮಾಡಿಕೊಂಡಿತು. ಅದೇ ವರ್ಷ ನ್ಯಾಶ್‌ವಿಲ್ಲಿನ ಗ್ರ್ಯಾಂಡ್ ಓಲ್ ಆಪ್ರಿಯ ಸದಸ್ಯತ್ವವೂ ದೊರೆಯಿತು. ಕಂಟ್ರಿ ಗಾಯಕನಿಗೆ ಅದು ಆಸ್ಥಾನ ವಿದ್ವಾಂಸನ ಪಟ್ಟವಿದ್ದಂತೆ.

ಪಿಟೀಲು ಹೊರಗೆ, ಪಿಯಾನೋ ಒಳಗೆ

ಅಷ್ಟರಲ್ಲಿ ಕಾಲ ತಿರುಗಿತ್ತು. ಪ್ರೀಸ್ಲಿಯ ರಾಕ್ ಅಂಡ್ ರೋಲ್ ಹರೆಯದವರನ್ನೆಲ್ಲ ಸೆಳೆದುಕೊಂಡಿತು. ರೇಡಿಯೋ ಕೇಂದ್ರಗಳು ಒಂದೊಂದಾಗಿ ಕಂಟ್ರಿ ಸಂಗೀತವನ್ನು ಕೈಬಿಟ್ಟವು. ನ್ಯಾಶ್‌ವಿಲ್ಲಿನ ಧ್ವನಿಮುದ್ರಣ ಕಂಪನಿಗಳಿಗೆ ಇದು ಅಳಿವು ಉಳಿವಿನ ಪ್ರಶ್ನೆಯಾಯಿತು. ಆರ್‌ಸಿಎ ಕಂಪನಿಯಲ್ಲಿ ಚೆಟ್ ಅಟ್ಕಿನ್ಸ್, ಡೆಕ್ಕಾ ಕಂಪನಿಯಲ್ಲಿ ಓವೆನ್ ಬ್ರಾಡ್ಲಿ ಇದಕ್ಕೆ ಉತ್ತರ ಹುಡುಕಿದರು. ಹರೆಯದವರ ಬೆನ್ನು ಹತ್ತುವುದರಲ್ಲಿ ಫಲವಿಲ್ಲ, ರಾಕ್ ಸಂಗೀತದ ಅಬ್ಬರ ಒಲ್ಲದ ವಯಸ್ಕ ಕೇಳುಗರನ್ನು ನಗರಗಳಲ್ಲೂ ಗೆಲ್ಲಬೇಕು ಎಂಬುದು ಅವರ ಲೆಕ್ಕಾಚಾರ. ಹಳ್ಳಿಯ ಗುರುತಾಗಿದ್ದ ಪಿಟೀಲು ಮತ್ತು ಸ್ಟೀಲ್ ಗಿಟಾರು ಹಿಂದೆ ಸರಿದವು. ನಯವಾದ ಪಿಯಾನೋ, ಹಿನ್ನೆಲೆಯ ವೃಂದಗಾನ ಮುಂದೆ ಬಂದವು. ಕೆಲಕಾಲದ ನಂತರ ತಂತಿವಾದ್ಯಗಳ ಮೇಳವೂ ಸೇರಿತು. ಇದೇ ನ್ಯಾಶ್‌ವಿಲ್ ಸೌಂಡ್ ಎಂದು ಹೆಸರಾಯಿತು. ಹಾಗೆಂದರೇನು ಎಂದು ಯಾರಾದರೂ ಕೇಳಿದರೆ ಅಟ್ಕಿನ್ಸ್ ಜೇಬಿಗೆ ಕೈ ಹಾಕಿ ಚಿಲ್ಲರೆ ಕಾಸು ಕುಲುಕಿ ತೋರಿಸುತ್ತಿದ್ದರೆಂಬುದು ಪ್ರಸಿದ್ಧ ಪ್ರಸಂಗ. ವ್ಯಾಪಾರದ ಉದ್ದೇಶವನ್ನು ಅವರು ಮರೆಮಾಚಲಿಲ್ಲ.

ಈ ಪ್ರಯೋಗಕ್ಕೆ ತಕ್ಕ ಕಂಠ ರೀವ್ಸ್ ಅವರದಾಗಿತ್ತು. 1957ರಲ್ಲಿ ‘ಫೋರ್ ವಾಲ್ಸ್’ ಹಾಡನ್ನು ತಾವು ಹಾಡಬೇಕೆಂದು ಅವರು ಪಟ್ಟು ಹಿಡಿದರು. ಬಾರದ ಪ್ರಿಯನಿಗಾಗಿ ಕೋಣೆಯೊಳಗೆ ಕಾಯುವವರ ಅಳಲು ಅದರ ವಸ್ತು. ಹೆಣ್ಣು ಹಾಡಬೇಕಾದ ಹಾಡು ಇದು ಎಂಬ ಶಂಕೆ ಮೊದಲಿಗೆ ಅಟ್ಕಿನ್ಸ್ ಅವರಿಗಿತ್ತು. ಕೊನೆಗೆ ಅವರು ಒಪ್ಪಿದರು. ರೀವ್ಸ್ ತುಟಿ ತಾಗುವಷ್ಟು ಸಮೀಪ ಮೈಕಿನ ಬಳಿ ಸರಿದು, ದನಿಯನ್ನು ಮಂದ್ರಕ್ಕಿಳಿಸಿ ಹಾಡಿದರು. ಉದ್ಘೋಷಕನ ಕೋಣೆಯಲ್ಲಿ ಕಲಿತದ್ದು ಗಾಯನಕ್ಕೆ ಒದಗಿ ಬಂತು. ಹಾಡು ಕಂಟ್ರಿ ಪಟ್ಟಿಯ ತುದಿ ಮುಟ್ಟಿತು, ಪಾಪ್ ಪಟ್ಟಿಯಲ್ಲಿ 11ನೆಯ ಸ್ಥಾನ ಗಳಿಸಿತು.

ದನಿಯೊಂದಿಗೆ ವೇಷವೂ ಬದಲಾಯಿತು. ಕೌಬಾಯ್ ಉಡುಪು ಹೋಗಿ ಕಪ್ಪು ಕೋಟು, ಕೊರಳಿಗೆ ಬೋ ಬಂದವು. ವ್ಯಾಗನ್‌ಮಾಸ್ಟರ್ಸ್, ಎಂದರೆ ಬಂಡಿ ಹೊಡೆಯುವವರು, ಎಂದಿದ್ದ ವಾದ್ಯತಂಡದ ಹೆಸರು ಬ್ಲೂ ಬಾಯ್ಸ್ ಎಂದಾಯಿತು. ಜನ ಅವರನ್ನು ಜೆಂಟಲ್‌ಮನ್ ಜಿಮ್ ಎಂದು ಕರೆದರು.

ದೂರವಾಣಿಯ ಹಾಡು

1959ರ ಅಕ್ಟೋಬರಿನಲ್ಲಿ ನ್ಯಾಶ್‌ವಿಲ್ಲಿನ ಆರ್‌ಸಿಎ ಸ್ಟುಡಿಯೋದಲ್ಲಿ ಮುದ್ರಣಗೊಂಡ ‘ಹೀ ವಿಲ್ ಹ್ಯಾವ್ ಟು ಗೋ’ ರೀವ್ಸ್ ಜೀವನದ ಶಿಖರ. ಬರೆದವರು ಜೋ ಆಲಿಸನ್ ಮತ್ತು ಆಡ್ರಿ ಆಲಿಸನ್ ದಂಪತಿ. ವಿಚಿತ್ರವೆಂದರೆ ಕಂಪನಿ ಇದನ್ನು ಧ್ವನಿಮುದ್ರಿಕೆಯ ಹಿಂಬದಿಗೆ ಹಾಕಿತ್ತು. ಮುಂಬದಿಯ ಹಾಡಿಗಿಂತ ಹಿಂಬದಿಯ ಹಾಡೇ ಚೆನ್ನವೆಂದು ಕಂಡುಕೊಂಡವರು ರೇಡಿಯೋ ನಿರೂಪಕರು.

ಹಾಡಿನ ಸನ್ನಿವೇಶ ಸರಳ. ಮದ್ಯದಂಗಡಿಯಿಂದ ಒಬ್ಬ ತನ್ನ ಪ್ರಿಯತಮೆಗೆ ದೂರವಾಣಿ ಕರೆ ಮಾಡಿದ್ದಾನೆ. ಆಕೆಯ ಬಳಿ ಬೇರೊಬ್ಬನಿದ್ದಾನೆ. ಆಕೆ ಫೋನಿಗೆ ಇನ್ನಷ್ಟು ಹತ್ತಿರ ಬರಲಿ, ಮಗ್ಗುಲಲ್ಲಿರುವವನನ್ನು ಕಳುಹಿಸಿಬಿಡಲಿ ಎಂದು ಇವನ ಬೇಡಿಕೆ. ಮದ್ಯದಂಗಡಿ, ವಂಚಿತ ಪ್ರೇಮ, ಒಂಟಿತನ ಇವೆಲ್ಲ ಕಂಟ್ರಿ ಸಂಗೀತದ ಹಳೆಯ ಸರಕೇ. ಹೊಸದೆಂದರೆ ಹೇಳಿದ ಬಗೆ. ಹಿಂದೆ ಫ್ಲಾಯ್ಡ್ ಕ್ರೇಮರ್ ಅವರ ಬಿಡಿ ಬಿಡಿ ಪಿಯಾನೋ ಸ್ವರಗಳು, ಅನಿತಾ ಕೆರ್ ತಂಡದ ತೆಳುವಾದ ವೃಂದಗಾನ, ನಡುವೆ ಸಾಕಷ್ಟು ಮೌನ. ಫೋನಿನಲ್ಲಿ ಪಿಸುಗುಡುವ ಪಾತ್ರಕ್ಕೂ ಮೈಕಿನಲ್ಲಿ ಪಿಸುಗುಡುವ ಗಾಯಕನಿಗೂ ಅಂತರವೇ ಉಳಿಯಲಿಲ್ಲ. ಕೇಳಿದವರಿಗೆ ಆ ಕರೆ ತಮಗೇ ಬಂದಂತೆ ಭಾಸವಾಯಿತು. ಟೆಕ್ಸಾಸನ್ನು ಕಾಣದವರಿಗೂ ಅದು ಪರಕೀಯವೆನಿಸಲಿಲ್ಲ.

ಈ ದಾರಿಯಲ್ಲಿ ಅವರು ಒಂಟಿಯಾಗಿರಲಿಲ್ಲ. ಓವೆನ್ ಬ್ರಾಡ್ಲಿಯ ಮಾರ್ಗದರ್ಶನದಲ್ಲಿ ಪ್ಯಾಟ್ಸಿ ಕ್ಲೈನ್ 1961ರಲ್ಲಿ ಹಾಡಿದ ‘ಕ್ರೇಜಿ’ ಎರಡೂ ಪಟ್ಟಿಗಳ ಮೊದಲ ಹತ್ತರೊಳಗೆ ಬಂದಿತು. 1962ರಲ್ಲಿ ಕಪ್ಪು ಗಾಯಕ ರೇ ಚಾರ್ಲ್ಸ್ ಕಂಟ್ರಿ ಹಾಡುಗಳನ್ನು ತಮ್ಮ ಧಾಟಿಯಲ್ಲಿ ಹಾಡಿ, ಗೆರೆಯನ್ನು ಆಚೆ ಬದಿಯಿಂದ ದಾಟಿದರು.

ಕಡಲಾಚೆಯ ಕೇಳುಗರು

ಕಂಟ್ರಿ ಸಂಗೀತ ಅಮೆರಿಕದ ಹೊರಗೆ ಹೆಚ್ಚು ಮಾರಾಟವಾಗದಿದ್ದ ಕಾಲದಲ್ಲಿ ರೀವ್ಸ್ ಖಂಡಾಂತರಗಳಲ್ಲಿ ಮನೆಮಾತಾದರು. 1962ರಲ್ಲಿ ಅಟ್ಕಿನ್ಸ್ ಮತ್ತು ಕ್ರೇಮರ್ ಜೊತೆ ದಕ್ಷಿಣ ಆಫ್ರಿಕಾ ಪ್ರವಾಸ ಮಾಡಿದರು. ತಮಗೆ ಬಾರದ ಆಫ್ರಿಕಾನ್ಸ್ ಭಾಷೆಯಲ್ಲೂ ಹಾಡಿ ಮುದ್ರಿಸಿದರು. ಅಲ್ಲೇ ಚಿತ್ರೀಕರಣಗೊಂಡ ‘ಕಿಂಬರ್ಲಿ ಜಿಮ್’ ಚಲನಚಿತ್ರದಲ್ಲಿ ನಾಯಕರಾದರು. 1963ರಲ್ಲಿ ಐರ್ಲೆಂಡಿನಲ್ಲಿ ಹಾಡಿದರು. ಅಲ್ಲಿನ ಸಭಾಂಗಣಗಳಲ್ಲಿ ಶ್ರುತಿ ತಪ್ಪಿದ ಪಿಯಾನೋಗಳನ್ನು ಕಂಡು ಅವರ ತಾಳ್ಮೆ ಕೆಟ್ಟದ್ದೂ ಉಂಟು. ಹೆಸರಿಗೆ ಸೌಮ್ಯರಾದರೂ ನಾದದ ವಿಷಯದಲ್ಲಿ ಅವರು ಕಟುವಾಗಿದ್ದರು. 1964ರ ಏಪ್ರಿಲಿನಲ್ಲಿ ನಾರ್ವೆಯ ಓಸ್ಲೋದಲ್ಲಿ ಕಛೇರಿ ನಡೆಸಿದರು.

ಭಾರತ ಮತ್ತು ಶ್ರೀಲಂಕಾಗಳಲ್ಲೂ ಅವರಿಗೆ ದೊಡ್ಡ ಅಭಿಮಾನಿ ಬಳಗ ಬೆಳೆಯಿತು. ಆಂಗ್ಲೋ ಇಂಡಿಯನ್ ಮನೆಗಳಲ್ಲಿ, ಕೇರಳ, ಗೋವಾ ಹಾಗೂ ಈಶಾನ್ಯ ರಾಜ್ಯಗಳ ಕ್ರೈಸ್ತ ಕುಟುಂಬಗಳಲ್ಲಿ ಅವರ ಧ್ವನಿಮುದ್ರಿಕೆಗಳು ತಲೆಮಾರಿನಿಂದ ತಲೆಮಾರಿಗೆ ದಾಟಿದವು. 1963ರಲ್ಲಿ ಹೊರಬಂದ ಅವರ ಕ್ರಿಸ್‌ಮಸ್ ಗೀತೆಗಳನ್ನು ಡಿಸೆಂಬರ್ ಬಂದರೆ ಇಂದಿಗೂ ಕೇಳಬಹುದು. ಸ್ಪಷ್ಟ ಉಚ್ಚಾರ, ನಿಧಾನ ಗತಿ, ಅರ್ಥವಾಗುವ ಮಾತು. ಇಂಗ್ಲಿಷ್ ಎರಡನೆಯ ಭಾಷೆಯಾಗಿದ್ದ ಕೇಳುಗರಿಗೆ ಈ ಗುಣಗಳು ಹಿಡಿಸಿದ್ದು ಸಹಜವೇ.

ಬಿರುಮಳೆಯ ಸಂಜೆ

1964ರ ಜುಲೈ 31ರಂದು ರೀವ್ಸ್ ಮತ್ತು ಅವರ ಪಿಯಾನೋ ವಾದಕ ಡೀನ್ ಮ್ಯಾನುಯೆಲ್ ಜಮೀನು ವ್ಯವಹಾರವೊಂದಕ್ಕೆ ಆರ್ಕನ್ಸಾಸಿನ ಬೇಟ್ಸ್‌ವಿಲ್ ಊರಿಗೆ ಹೋಗಿ ಹಿಂದಿರುಗುತ್ತಿದ್ದರು. ಒಂದೇ ಎಂಜಿನ್ನಿನ ಸಣ್ಣ ವಿಮಾನವನ್ನು ರೀವ್ಸ್ ತಾವೇ ನಡೆಸುತ್ತಿದ್ದರು. ನ್ಯಾಶ್‌ವಿಲ್ ಸಮೀಪಿಸುತ್ತಿದ್ದಂತೆ ಗುಡುಗು ಮಳೆ ಎದುರಾಯಿತು. ಬ್ರೆಂಟ್‌ವುಡ್ ಬಳಿಯ ಕಾಡಿನಲ್ಲಿ ವಿಮಾನ ಅಪ್ಪಳಿಸಿತು. ಹುಡುಕಾಟಕ್ಕೆ ಹಲವು ಸಹಗಾಯಕರೂ ಇಳಿದರು. ಎರಡು ದಿನಗಳ ಬಳಿಕ, ಆಗಸ್ಟ್ 2ರಂದು, ಇಬ್ಬರ ದೇಹಗಳೂ ಸಿಕ್ಕವು. ನಲವತ್ತೊಂದು ತುಂಬಲು ರೀವ್ಸ್ ಅವರಿಗೆ ಇನ್ನು ಮೂರು ವಾರ ಉಳಿದಿತ್ತು. ಹಿಂದಿನ ವರ್ಷದ ಮಾರ್ಚಿನಲ್ಲಿ ಪ್ಯಾಟ್ಸಿ ಕ್ಲೈನ್ ಸಹ ಟೆನ್ನೆಸ್ಸಿಯಲ್ಲೇ ವಿಮಾನ ಅಪಘಾತದಲ್ಲಿ ಅಸುನೀಗಿದ್ದರು. ಗೆರೆ ದಾಟಿದ ಇಬ್ಬರೂ ಹದಿನೇಳು ತಿಂಗಳ ಅಂತರದಲ್ಲಿ ಇಲ್ಲವಾದರು.

ರೀವ್ಸ್ ಅಳಿದರೂ ದನಿ ನಿಲ್ಲಲಿಲ್ಲ. ಪತ್ನಿ ಮೇರಿ, ಉಳಿದಿದ್ದ ಮುದ್ರಣಗಳನ್ನು ಕಂಪನಿಯ ಮೂಲಕ ಒಂದೊಂದಾಗಿ ಹೊರತರಿಸಿದರು. ಸಿಂಡಿ ವಾಕರ್ ಬರೆದ ‘ಡಿಸ್ಟೆಂಟ್ ಡ್ರಮ್ಸ್’ ಹಾಡನ್ನು ರೀವ್ಸ್ ಕೇವಲ ಮಾದರಿಗಾಗಿ ಹಾಡಿಟ್ಟಿದ್ದರು. ಅದಕ್ಕೆ ವಾದ್ಯಮೇಳ ಜೋಡಿಸಿ ಬಿಡುಗಡೆ ಮಾಡಿದಾಗ, 1966ರಲ್ಲಿ, ಬೀಟಲ್ಸ್ ಯುಗದ ಬ್ರಿಟನ್ನಿನಲ್ಲೇ ಅದು ಐದು ವಾರ ಮೊದಲ ಸ್ಥಾನದಲ್ಲಿತ್ತು. ಬದುಕಿದ್ದಾಗ ಕಂಟ್ರಿ ಪಟ್ಟಿಯ ಮೊದಲ ಸ್ಥಾನ ಕಂಡ ಅವರ ಹಾಡುಗಳು ಐದು. ಸತ್ತ ಮೇಲೆ ಕಂಡವು ಆರು. 1967ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಗೌರವ ಸಂದಿತು. 1981ರಲ್ಲಿ ತಂತ್ರಜ್ಞರು ರೀವ್ಸ್ ಮತ್ತು ಕ್ಲೈನ್ ಬೇರೆ ಬೇರೆಯಾಗಿ ಹಾಡಿದ್ದ ಹಾಡೊಂದನ್ನು ಬೆಸೆದು ಯುಗಳಗೀತೆ ಮಾಡಿದರು. ಜೀವಿತದಲ್ಲಿ ಆ ಇಬ್ಬರೂ ಒಟ್ಟಿಗೆ ಹಾಡಿ ಮುದ್ರಿಸಿರಲಿಲ್ಲ.

ಮುಗಿಯದ ವ್ಯಾಜ್ಯ

ಗಡಿ ದಾಟಿದ್ದಕ್ಕೆ ತೆತ್ತ ಬೆಲೆಯೂ ಇದೆ. ಪಟ್ಟಣಕ್ಕೆ ಬಂದ ಹಾಡು ಮಣ್ಣಿನ ವಾಸನೆಯನ್ನು ತೊಳೆದುಕೊಂಡಿತು ಎಂಬ ಆಕ್ಷೇಪ ನ್ಯಾಶ್‌ವಿಲ್ ಸೌಂಡಿಗೆ ಅಂದೇ ಅಂಟಿಕೊಂಡಿತು. ಬದುಕು ನಡೆಯುತ್ತಿದ್ದ ಪಿಟೀಲು ವಾದಕರಿಗೂ ಸ್ಟೀಲ್ ಗಿಟಾರ್ ವಾದಕರಿಗೂ ಅದು ಬರಿಯ ಸೌಂದರ್ಯಶಾಸ್ತ್ರದ ಚರ್ಚೆಯಾಗಿರಲಿಲ್ಲ. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡಿನಲ್ಲಿ ಬಕ್ ಓವೆನ್ಸ್ ಮತ್ತು ಸಂಗಡಿಗರು ಗಡುಸಾದ ನಾದವನ್ನು ಮರಳಿ ತಂದದ್ದು ಈ ನಯಗಾರಿಕೆಗೆ ಪ್ರತಿಯಾಗಿಯೇ. 1974ರಲ್ಲಿ ಪಾಪ್ ಗಾಯಕಿ ಒಲಿವಿಯಾ ನ್ಯೂಟನ್ ಜಾನ್‌ಗೆ ಕಂಟ್ರಿ ಸಂಘದ ವರ್ಷದ ಗಾಯಕಿ ಪ್ರಶಸ್ತಿ ಬಂದಾಗ ಹಳೆಯ ಕಲಾವಿದರು ಸಿಡಿದೆದ್ದರು. 2019ರಲ್ಲಿ ಕಪ್ಪು ಯುವಕ ಲಿಲ್ ನಾಸ್ ಎಕ್ಸ್ ಹಾಡಿದ ‘ಓಲ್ಡ್ ಟೌನ್ ರೋಡ್’ ಅನ್ನು ಬಿಲ್‌ಬೋರ್ಡ್ ಪತ್ರಿಕೆ ಕಂಟ್ರಿ ಪಟ್ಟಿಯಿಂದ ತೆಗೆದುಹಾಕಿತು. ಆರು ವರ್ಷಗಳ ತರುವಾಯ, 2025ರಲ್ಲಿ, ಬಿಯಾನ್ಸೆ ಅವರ ‘ಕೌಬಾಯ್ ಕಾರ್ಟರ್’ ಶ್ರೇಷ್ಠ ಕಂಟ್ರಿ ಆಲ್ಬಮ್ ಎಂದು ಗ್ರ್ಯಾಮಿ ಪಡೆಯಿತು. ಯಾರ ಹಾಡು ಯಾವ ಪಂಕ್ತಿಯದೆಂಬ ವಾದದೊಳಗೆ ವಾದ್ಯದ ಪ್ರಶ್ನೆಯೊಂದೇ ಇಲ್ಲ, ಊರು, ವರ್ಗ, ಮೈಬಣ್ಣಗಳ ಪ್ರಶ್ನೆಯೂ ಅಡಗಿದೆ.

ರೀವ್ಸ್ ಈ ವಾದಕ್ಕೆ ಇಳಿದವರಲ್ಲ. ಅವರ ಹಾಡಿನೊಳಗಿನ ದುಃಖ ಕೊನೆಯವರೆಗೂ ಹಳ್ಳಿಗಾಡಿನದೇ ಆಗಿತ್ತು. ಅವರು ಬದಲಿಸಿದ್ದು ಅದನ್ನು ಹೇಳಿಕೊಳ್ಳುವ ದನಿಯನ್ನು. ಟೆಕ್ಸಾಸಿನ ಕಾರ್ಥೇಜ್ ಪಟ್ಟಣದ ಹೊರವಲಯದಲ್ಲಿ, ಹುಟ್ಟೂರಿನ ಸಮೀಪವೇ ಅವರ ಸಮಾಧಿಯಿದೆ. ಊರೂರು ಸುತ್ತಿ ದೂರ ದೇಶಗಳ ಮನೆಯೊಳಗೆ ಹೊಕ್ಕ ಗಾಯಕ ಕಡೆಗೆ ಮಲಗಿದ್ದು ಹೊರಟ ನೆಲದಲ್ಲೇ.